ನೊರೆಗೆರೆಯ ಟೊಪ್ಪಿ

ಹಂಪನಕಟ್ಟೆಯಲ್ಲಿ ನನ್ನದೊಂದು ನೂಲಿನ ಅಂಗಡಿ. ಅಂಗಡಿ ಎನ್ನುವುದು ದೊಡ್ಡ ಮಾತಾಯಿತು. ಎರಡು ಲಾಡ್ಜುಗಳ ನಡುವೆ ಉಳಿದ ಸಂದಿಗೆ ಬಾಗಿಲು ಇಡಿಸಿದ್ದೇನೆ, ಅಷ್ಟೆ. ಬರುವವರೆಲ್ಲ ಬಸ್ಸು ತಪ್ಪೀತೆಂಬ ಅವಸರದವರು. ರಾಹಿಲಾಗೆ ಮಾತ್ರ ಅವಸರ ಇರಲಿಲ್ಲ. ಉಳ್ಳಾಲದಿಂದ ಬಂದು, ನೀಲಿ ನೂಲಿನ ಉಂಡೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಹತ್ತು ನಿಮಿಷ ಹಾಗೇ ನಿಂತುಬಿಡುತ್ತಿದ್ದಳು. ನಾನೋ ಮೊದಲೇ ಸಿಡುಕಿ. ಒಂದು ದಿನ ಕೇಳಿಯೇಬಿಟ್ಟೆ.

"ಎಂತ ಮಾರಾಯ್ತಿ, ನಿನಗೆ ನೂಲು ಬೇಕಾ, ನಿದ್ರೆ ಬೇಕಾ?"

"ಎರಡೂ ಬೇಕು ಕುಶಲಕ್ಕ" ಎಂದು ನಕ್ಕಳು. ಅಂದಿನಿಂದ ನಾವು ಸ್ನೇಹಿತೆಯರು.

ಅವಳು ಹೊಲಿಯುತ್ತಿದ್ದದ್ದು ಒಮಾನಿ ಟೊಪ್ಪಿ. ಬಿಳಿ ಬಟ್ಟೆಯ ಮೇಲೆ, ತೊಳೆದರೆ ಹೋಗುವ ನೀಲಿ ಅಚ್ಚಿನಲ್ಲಿ ಚಿತ್ತಾರ ಒತ್ತಿರುತ್ತದೆ. ಅದರ ಗುಂಟ ಸಾಸಿವೆ ಗಾತ್ರದ ತೂತು ಮಾಡಿ, ಪ್ರತಿ ತೂತಿನ ಸುತ್ತ ನೂಲು ಹೊಲಿಯಬೇಕು. ಅಂಥ ನೂರಾರು ಕಣ್ಣುಗಳಾದಾಗ ಒಂದು ಟೊಪ್ಪಿ. ಅಲಿಯಬ್ಬ ಎಂಬ ಏಜೆಂಟರು ಬಟ್ಟೆ ತಂದುಕೊಟ್ಟು, ಮುಗಿದ ಟೊಪ್ಪಿಗಳನ್ನು ಒಯ್ದು ಮಸ್ಕತ್ತಿಗೆ ಕಳುಹಿಸುತ್ತಿದ್ದರು. ಈ ಕೆಲಸ ಅವಳಿಗೆ ಕಲಿಸಿದ್ದು ಅತ್ತೆ ಬೀಫಾತಿಮ್ಮ. ಅವರದೊಂದು ಕಟ್ಟುನಿಟ್ಟು ಇತ್ತು: ಟೊಪ್ಪಿ ಎಂದರೆ ನಮಾಝಿನಲ್ಲಿ ಬಾಗುವ ತಲೆಯ ಮೇಲಿರುವ ವಸ್ತು, ಹಾಗಾಗಿ ನಮಾಝಿಗೆ ಮೊದಲು ಮಾಡುವಂತೆಯೇ ಕೈಕಾಲು ಮುಖ ತೊಳೆದು ವುಝೂ ಮಾಡಿಯೇ ಸೂಜಿ ಹಿಡಿಯಬೇಕು. ಅತ್ತೆ ತೀರಿಹೋದ ಮೇಲೂ ರಾಹಿಲಾ ಆ ಕ್ರಮ ಬಿಡಲಿಲ್ಲ.

ಗಂಡ ಅನ್ಸಾರ್ ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದವನು. ಒಂದು ಬೆಳಿಗ್ಗೆ ಎದೆನೋವು ಎಂದು ಕೂತವನು ಏಳಲಿಲ್ಲ. ಉಳಿದದ್ದು ಇವಳು, ಕಾಲೇಜಿಗೆ ಹೋಗುವ ಮಗಳು ಸಫಾ, ಮತ್ತು ಮಧ್ಯಾಹ್ನದ ಹೊತ್ತು ಹಂಚಿನ ಸಂದಿಯಿಂದ ಬಿಸಿಲು ಇಳಿಯುವ ಒಂದು ಬಾಡಿಗೆ ಕೋಣೆ. ಆ ಬಿಸಿಲಿನ ತುಂಡು ಗೋಡೆಯಿಂದ ಗೋಡೆಗೆ ಸರಿದಂತೆ ಇವಳೂ ಚಾಪೆ ಎಳೆದುಕೊಂಡು ಸರಿಯುತ್ತ ಹೊಲಿಯುತ್ತಿದ್ದಳು. ಹೊಲಿಯುತ್ತ ಹೊಲಿಯುತ್ತ ಎಲ್ಲೋ ಹೋಗಿಬಿಡುತ್ತಿದ್ದಳು. ತಾನು ಕಾಣದ ಊರಿನ ಬೀದಿಗಳಲ್ಲಿ ತನ್ನ ಟೊಪ್ಪಿಗಳು ನಡೆದಾಡುತ್ತಿವೆ, ಚಹಾ ಕುಡಿಯುತ್ತಿವೆ, ಯಾರದೋ ಮದುವೆಗೆ ಹೊರಟಿವೆ ಎಂದು ನನಗೆ ವರ್ಣಿಸುತ್ತಿದ್ದಳು.

"ಕುಶಲಕ್ಕ, ಮಸ್ಕತ್ತಿನಲ್ಲಿ ಸಮುದ್ರ ಉಂಟಾ?"

"ಉಂಟು. ಇದೇ ಸಮುದ್ರ."

"ಹಾಗಾದ್ರೆ ಇಲ್ಲಿಂದ ಹಿಂದೆ ಹೋದ ಅಲೆ ಅಲ್ಲಿಗೇ ಹೋಗುದು" ಎಂದು ತಾನೇ ತೀರ್ಮಾನಿಸಿದಳು. ನನಗೆ ಗಿರಾಕಿ ಇದ್ದರು, ವಾದ ಮಾಡಲಿಲ್ಲ.

ಆದರೆ ವರ್ಷಕ್ಕೊಮ್ಮೆ ಈ ಕನಸುಗಳೆಲ್ಲ ನಿಂತುಹೋಗುತ್ತಿದ್ದವು. ರಂಝಾನಿಗೆ ಮೊದಲು ಕಬೀರ್ ಹಾಜಿಯವರ ಮನೆಯಂಗಳದಲ್ಲಿ ಬಡವರಿಗೆ ಕಿಟ್ ಕೊಡುತ್ತಾರೆ. ಅಕ್ಕಿ, ಎಣ್ಣೆ, ಖರ್ಜೂರ. ಹಾಜಿಯವರು ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುತ್ತಲಿನವರಿಗೆ ಫೋಟೋದ ಹುಚ್ಚು. ಹೋದ ವರ್ಷ ಶಾಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಕಿಟ್ಟಿಗೆ ಕೈಚಾಚಿದ ರಾಹಿಲಾಳ ಫೋಟೋ ಊರಿನ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿ ಸಫಾಳ ತರಗತಿಗೂ ತಲುಪಿತು. ಮಗಳು ಎರಡು ದಿನ ಕಾಲೇಜಿಗೆ ಹೋಗಲಿಲ್ಲ. ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

"ಬರುವ ವರ್ಷ ಆ ಫೋಟೋದಲ್ಲಿ ನಾನಿರುದಿಲ್ಲ" ಎಂದಳು ರಾಹಿಲಾ. ಅದಕ್ಕಾಗಿ ಈ ಸಲ ರಂಝಾನಿನ ಖರ್ಚಿಗೆ ಮೂರು ಟೊಪ್ಪಿ ಒಪ್ಪಿಕೊಂಡಳು.

ಎರಡು ಮುಗಿದವು. ಮೂರನೆಯದಕ್ಕೆ ಕೂತ ಮಧ್ಯಾಹ್ನ ವುಝೂ ಮಾಡಿದ ಕೈ ಒರೆಸಿಕೊಳ್ಳಲು ಮರೆತಳು. ಜೊಂಪು ಹತ್ತಿತು. ಮೊಣಕೈಯಿಂದ ಇಳಿದ ನೀರು ಬಟ್ಟೆಗೆ ತಾಗಿ ನೀಲಿ ಅಚ್ಚು ಅರ್ಧಕ್ಕರ್ಧ ಅಳಿಸಿಹೋಯಿತು. ಬೇರೆ ಯಾರಾದರೂ ಎದೆ ಬಡಿದುಕೊಳ್ಳುತ್ತಿದ್ದರು. ಇವಳು ಖಾಲಿ ಬಿಳುಪನ್ನು ನೋಡುತ್ತ ಕೂತಳಂತೆ. ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ನೊರೆಯ ಗೆರೆ ಅಲ್ಲಿ ಕಂಡಿತಂತೆ. ಒಂದರ ಮೇಲೊಂದು ಬಾಗಿದ ಆ ಗೆರೆಗಳನ್ನೇ ಕಣ್ಣು ಕಣ್ಣಾಗಿ ಹೊಲಿದುಬಿಟ್ಟಳು.

ಅಲಿಯಬ್ಬರು ಎರಡನ್ನು ಚೀಲಕ್ಕೆ ಹಾಕಿಕೊಂಡು ಮೂರನೆಯದನ್ನು ಹಿಂದಕ್ಕೆ ನೂಕಿದರು. "ಕಂಪೆನಿಗೆ ಅಚ್ಚಿನ ಡಿಸೈನೇ ಆಗ್ಬೇಕು. ಇದೆಂತ, ಸಮುದ್ರ ಕಕ್ಕಿದ ಹಾಗೆ? ಬಿಚ್ಚಿ ಪುನಃ ಹೊಲಿ. ಆಗುದಿಲ್ಲಾಂದ್ರೆ ಹಾಜಿಯವರ ಲಿಸ್ಟಿನಲ್ಲಿ ನಿನ್ನ ಹೆಸರು ಬರೆಸ್ತೇನೆ."

ಅಂಗಡಿಗೆ ಬಂದು ಹೇಳಿದಾಗ ನಾನೂ ಬಿಚ್ಚು ಎಂದೇ ಬೈದೆ. ಆಮೇಲೆ ಟೊಪ್ಪಿಯನ್ನು ಕೈಗೆ ತೆಗೆದುಕೊಂಡೆ. ನೋಡುತ್ತಿದ್ದರೆ ಬಟ್ಟೆಯೇ ಮೆಲ್ಲಗೆ ಹಿಂದೆ ಸರಿಯುತ್ತಿದೆಯೇನೋ ಅನಿಸುತ್ತಿತ್ತು. ಇದನ್ನು ಬಿಚ್ಚು ಎಂದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಎರಡು ಟೊಪ್ಪಿಯ ಕೂಲಿಯಲ್ಲಿ ಅಕ್ಕಿ ಬಂತು, ಎಣ್ಣೆ ಬಂತು. ಖರ್ಜೂರಕ್ಕೆ ಸಾಕಾಗಲಿಲ್ಲ. ಕಿಟ್ ಕೊಡುವ ದಿನ ಬೆಳಿಗ್ಗೆ ರಾಹಿಲಾ ಫೋನ್ ಮಾಡಿ, "ಹಾಜಿಯವರ ಮನೆಗೆ ಹೋಗ್ಲಿಕ್ಕುಂಟು, ನೀವೂ ಬನ್ನಿ ಕುಶಲಕ್ಕ" ಎಂದಳು. ಕಡೆಗೂ ಸೋತಳಲ್ಲ ಎಂದುಕೊಂಡೆ. ಅಂಗಡಿಗೆ ಬೀಗ ಹಾಕಿ ಹೋದೆ.

ಅಂಗಳದ ತುಂಬ ಹೆಂಗಸರ ಸಾಲು. ಪಟ್ಟಿ ಹಿಡಿದಿದ್ದ ಅಲಿಯಬ್ಬರು ಇವಳನ್ನು ಕಂಡು, "ಲೈನಿನಲ್ಲಿ ನಿಲ್ಲು, ಹೆಸರು ಕರೀತೇನೆ" ಎಂದರು.

"ನಾನು ತಕೊಳ್ಳಿಕ್ಕೆ ಬಂದದ್ದಲ್ಲ ಕಾಕ. ಕೊಡ್ಲಿಕ್ಕೆ ಬಂದದ್ದು."

ಸಾಲು ತಿರುಗಿ ನೋಡಿತು. ರಾಹಿಲಾ ನೆಟ್ಟಗೆ ನಡೆದು ಹೋಗಿ, ಬಿಳಿ ಕಾಗದದಲ್ಲಿ ಸುತ್ತಿದ್ದ ಟೊಪ್ಪಿಯನ್ನು ಹಾಜಿಯವರ ಮುಂದೆ ಹಿಡಿದಳು. "ಇಷ್ಟು ವರ್ಷ ನೀವು ಕೊಟ್ಟಿದ್ದೀರಿ. ಇದು ನನ್ನ ಕಡೆಯಿಂದ ನಿಮಗೆ."

ಹಾಜಿಯವರು ಟೊಪ್ಪಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಥೇಟ್ ಅವಳು ನನ್ನ ಅಂಗಡಿಯಲ್ಲಿ ನೂಲು ನೋಡುವ ಹಾಗೆ. ಆಮೇಲೆ ತಲೆಯ ಮೇಲಿದ್ದದ್ದನ್ನು ತೆಗೆದು ಇದನ್ನು ಇಟ್ಟುಕೊಂಡರು. ಅಳತೆ ಸರಿಯಾಗಿ ಕೂತಿತು. "ನೀನೇ ಹೊಲಿದದ್ದಾ ಮಗಳೇ?" ಎಂದು ಕೇಳಿದರು. ಅವಳು ಹೌದೆಂದಳು. ಅಲಿಯಬ್ಬರು ಪಟ್ಟಿಯಲ್ಲಿ ಏನನ್ನೋ ಹುಡುಕತೊಡಗಿದರು.

ಮರುದಿನ ಸಫಾ ಕಾಲೇಜಿನಿಂದ ನೇರವಾಗಿ ಅಂಗಡಿಗೆ ಬಂದಳು. ಮೊಬೈಲಿನಲ್ಲಿ ಈ ವರ್ಷದ ಫೋಟೋ. ಅದರಲ್ಲಿ ಅವಳ ತಾಯಿ ಎಲ್ಲೂ ಇರಲಿಲ್ಲ. ನಡುವೆ ಹಾಜಿಯವರು, ಅವರ ತಲೆಯ ಮೇಲೆ ಉಳ್ಳಾಲದ ಕಡಲ ನೊರೆ.

"ಆಂಟಿ, ಸ್ಟೇಟಸ್ಸಿಗೆ ಹಾಕ್ತಿದ್ದೇನೆ" ಎಂದು ಫೋಟೋದ ಕೆಳಗೆ ಬರೆದು ನನಗೆ ತೋರಿಸಿದಳು:

ಟೊಪ್ಪಿ ನನ್ನ ಉಮ್ಮ ಹೊಲಿದದ್ದು.