ಹಲ್ವಾ ಡಬ್ಬಿಯಿಂದ ಬಂದವರು

ಅಥವಾ ಎರಡು ಚೀಟಿ ಅಂಟಿಕೊಂಡಿದ್ದವು ಎನ್ನುವುದೇ ನಾನು ಆಮೇಲೆ ಕಟ್ಟಿಕೊಂಡದ್ದಿರಬಹುದು. ಗುಲಾಬಿ ನೀರು, ಕೇಸರಿಯ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಬೆರಳಿಗೆ ಒಂದು ಜಿಗುಟು ನೆನಪಾಗುತ್ತದೆ, ಅಷ್ಟು ಮಾತ್ರ ನಿಜ. ಬೆರಳಿಗೆ ನೆನಪಾದದ್ದನ್ನು ಎಷ್ಟು ನಂಬಬೇಕು, ನೀವೇ ಹೇಳಿ.

ಮೊನ್ನೆ ಶುಕ್ರವಾರ ಮಧ್ಯಾಹ್ನ, ಇಲ್ಲಿ ಒಮಾನಿನಲ್ಲಿ, ಅಲ್ ಅಜೈಬಾದ ನಮ್ಮ ಫ್ಲ್ಯಾಟಿನಲ್ಲಿ ಸದಾನಂದಣ್ಣ ಒಮಾನಿ ಹಲ್ವಾದ ಡಬ್ಬಿ ತೆರೆದರು. ದುಕ್ಮ್ ಬಂದರಿನ ಕೆಲಸ ಮುಗಿಸಿ, ವೀಸಾ ರದ್ದು ಮಾಡಿಸಿಕೊಂಡು, ಮುಂದಿನ ವಾರ ಉಡುಪಿಗೆ ಹೊರಟವರು. ಬೀಳ್ಕೊಡುವ ನಾವು ತರಬೇಕಾದ ಸಿಹಿಯನ್ನು ಹೊರಡುವ ಅವರೇ ತಂದಿದ್ದರು. ಜೊತೆಗಿದ್ದವನು ಲ್ಯಾನ್ಸಿ. ಮಂಗಳೂರಿನವನು, ಬ್ಯಾಂಕಿನ ಕೆಲಸ, ನಮ್ಮ ತಂಡದ ಪರವಾಗಿ ಅತಿ ಹೆಚ್ಚು ಗೋಲು ಹೊಡೆದವನು. ಲೆಕ್ಕ ಅವನೇ ಇಟ್ಟಿದ್ದಾನೆ.

ಕರಾವಳಿಯವರ ಚಳಿಗಾಲದ ಫುಟ್‌ಬಾಲಿಗೆ ಇಲ್ಲಿ ಡ್ರಾಫ್ಟ್ ಎಂಬ ಪದ್ಧತಿ ಉಂಟು. ಒಂದೇ ಊರಿನವರು ಸೇರಿ ತಂಡ ಕಟ್ಟಿದರೆ ಆಟ ಊರಜಗಳವಾಗುತ್ತದೆಂದು, ಎಲ್ಲರ ಹೆಸರನ್ನೂ ಬೋರ್ಡಿನ ಮೇಲೆ ಬರೆದು, ಆರು ಕ್ಯಾಪ್ಟನ್‌ಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸುತ್ತಾರೆ. ಯಾರಿಗೂ ಬೇಡದೆ ಉಳಿದವರ ಹೆಸರು ಚೀಟಿಯಾಗಿ ಖಾಲಿ ಹಲ್ವಾ ಡಬ್ಬಿಗೆ ಬೀಳುತ್ತದೆ. ಪ್ರತಿ ಕ್ಯಾಪ್ಟನ್ ನೋಡದೆ ಒಂದು ಚೀಟಿ ಎತ್ತಬೇಕು. ಹಾಗೆ ಬಂದವನನ್ನು ಪ್ರತಿ ಪಂದ್ಯದಲ್ಲಿ ಹತ್ತು ನಿಮಿಷ ಆಡಿಸಲೇಬೇಕು. ಅವನಿಗೆ ಡಬ್ಬಿ ಆಟಗಾರ ಎಂದು ಹೆಸರು. ಹೆಸರಿಟ್ಟವರಿಗೆ ನೋಯಿಸುವ ಉದ್ದೇಶವಿರಲಿಲ್ಲ. ಇರಲಿಲ್ಲ ಎಂದೇ ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ.

ಈ ವರ್ಷದ ಜೆರ್ಸಿಯ ತೋಳಿನ ಮೇಲೆ ತಂಡದ ಸಾರ್ವಕಾಲಿಕ ಅತ್ಯುತ್ತಮ ಡ್ರಾಫ್ಟ್ ಆಯ್ಕೆಯ ಹೆಸರು ಅಚ್ಚಾಗಬೇಕಿತ್ತು. ವಾಟ್ಸಾಪ್ ಗುಂಪು ಎರಡು ವಾರ ಕಚ್ಚಾಡಿ, ಲ್ಯಾನ್ಸಿ ಮತ್ತು ಸದಾನಂದಣ್ಣನ ಹೆಸರುಗಳ ನಡುವೆ ಸಿಕ್ಕಿಬಿದ್ದು, ಹಳೆಯ ಕ್ಯಾಪ್ಟನ್ ಎಂಬ ಕಾರಣಕ್ಕೆ ತೀರ್ಮಾನವನ್ನು ನನ್ನ ತಲೆಗೆ ಕಟ್ಟಿತ್ತು. ಸಂಜೆಯೊಳಗೆ ರೂವಿಯ ಪ್ರಿಂಟಿಂಗ್ ಅಂಗಡಿಗೆ ತಿಳಿಸಬೇಕು.

ಲ್ಯಾನ್ಸಿಯ ವಾದ ಗಟ್ಟಿಯಾಗಿತ್ತು. "ಸದಾನಂದಣ್ಣನ ಬಗ್ಗೆ ನಂಗೆ ಎಂತದೂ ಇಲ್ಲ ಮಾರಾಯ. ಆದ್ರೆ ಪಿಕ್ ಅಂದ್ರೆ ಆರಿಸುದು. ನನ್ನನ್ನು ನೀನು ಫಸ್ಟ್ ರೌಂಡಲ್ಲಿ ಆರಿಸಿದ್ದಿ. ಅವರನ್ನು ಆರಿಸಿದ್ದು ಯಾರು? ಡಬ್ಬಿ."

"ಅವ ಹೇಳುದು ಸಮ," ಎಂದರು ಸದಾನಂದಣ್ಣ. ನಗುತ್ತಲೇ ಹೇಳಿದರು. ಆದರೆ ಹಲ್ವಾದಿಂದ ಕಣ್ಣೆತ್ತಲಿಲ್ಲ.

ಸದಾನಂದಣ್ಣ ಡಬ್ಬಿಯಿಂದ ನಮ್ಮ ತಂಡಕ್ಕೆ ಬಂದ ವರ್ಷದ ಫೈನಲ್ ನಿಮಗೆ ಹೇಳಲೇಬೇಕು. ಅವರು ಕಂಪನಿ ಬಸ್ಸಿನಲ್ಲಿ ದುಕ್ಮ್‌ನಿಂದ ದಾರಿಯುದ್ದಕ್ಕೂ ನಿದ್ದೆ ಮಾಡಿ ಬಂದಿದ್ದರು. ವಯಸ್ಸು ನಲವತ್ತು ದಾಟಿತ್ತು, ಓಡಲಾಗುತ್ತಿರಲಿಲ್ಲ. ಅವರಿಗೆ ಕೊಡಬೇಕಾದ ಹತ್ತು ನಿಮಿಷವನ್ನು ನಾನು ಮರೆತೇಬಿಟ್ಟಿದ್ದೆ. ರೆಫರಿ ಬಂದು ನೆನಪಿಸಿದಾಗ ಉಳಿದದ್ದೇ ಕೊನೆಯ ಹತ್ತು ನಿಮಿಷ, ಇನ್ನೂ ಒಂದು ಗೋಲೂ ಆಗಿರಲಿಲ್ಲ. ನಿಯಮ ಮುರಿದರೆ ಕಪ್ ಹೋಯಿತು. ಮನಸ್ಸಿನಲ್ಲೇ ಬೈದುಕೊಂಡು ಅವರನ್ನು ಹಿಂದೆ, ನಮ್ಮ ಗೋಲಿನ ಹತ್ತಿರ ನಿಲ್ಲಿಸಿದೆ.

ಬಂದರಿನಲ್ಲಿ ಅವರ ಕೆಲಸ ಕ್ರೇನಿಗೆ ಸನ್ನೆ ಕೊಡುವುದು. ಮೇಲೆ ಕೂತವನಿಗೆ ಕೆಳಗಿನ ಮಾತು ಕೇಳಿಸದು, ಕೈ ಮಾತ್ರ ಕಾಣುತ್ತದೆ. ಮುಷ್ಟಿ ಎತ್ತಿದರೆ ನಿಲ್ಲಿಸು, ಬೆರಳು ಸುತ್ತಿದರೆ ಮೇಲಕ್ಕೆತ್ತು, ತೋಳು ಚಾಚಿದರೆ ಆ ಕಡೆ ತಿರುಗಿಸು. ಅಭ್ಯಾಸದ ದಿನಗಳಲ್ಲಿ ಇದನ್ನೆಲ್ಲ ಕಲಿಸಿ ನಮ್ಮನ್ನು ನಗಿಸುತ್ತಿದ್ದರು. ಕೊನೆಯ ನಿಮಿಷದಲ್ಲಿ ಲ್ಯಾನ್ಸಿಗೆ ಚೆಂಡು ಸಿಕ್ಕಾಗ ಅವನು ಎದುರಾಳಿ ಗೋಲಿಗೆ ಬೆನ್ನು ಹಾಕಿದ್ದ. ತನ್ನ ಹಿಂದೆ ಯಾವ ಕಡೆ ಖಾಲಿ ಎಂದು ಅವನಿಗೆ ಕಾಣದು. ಆದರೆ ಅಷ್ಟು ದೂರದಲ್ಲಿ ಸದಾನಂದಣ್ಣ ಕಾಣುತ್ತಿದ್ದರು. ಅವರ ತೋಳು ಚಾಚಿತು. ಎಡತೋಳು ಎನ್ನುತ್ತೇನೆ ನಾನು, ಬಲತೋಳು ಎನ್ನುತ್ತಾನೆ ಲ್ಯಾನ್ಸಿ. ಕ್ರೇನಿನಂತೆ ತಿರುಗಿ, ನೋಡದೆ ಹೊಡೆದ. ಗೋಲು. ನಮ್ಮ ಮೊದಲ ಕಪ್. ನಾವೆಲ್ಲ ಲ್ಯಾನ್ಸಿಯನ್ನು ಹೊತ್ತು ಕುಣಿದೆವು. ಸದಾನಂದಣ್ಣ ಎಲ್ಲಿದ್ದರೋ, ಆಗಿನ ಫೋಟೋದಲ್ಲಿ ಇಲ್ಲ.

ಅದಕ್ಕೇ ಇರಬೇಕು, ಮೊನ್ನೆ ಬಾಯಿಬಿಟ್ಟೆ. "ಆ ವರ್ಷದ ಡ್ರಾಫ್ಟಿನ ದಿನ ಡಬ್ಬಿಯಿಂದ ನನ್ನ ಕೈಗೆ ಬಂದದ್ದು ಎರಡು ಚೀಟಿ. ಹಲ್ವಾದ ಜಿಡ್ಡಿಗೆ ಅಂಟಿಕೊಂಡಿದ್ದವು. ಮೇಜಿನ ಕೆಳಗೆ ಬಿಡಿಸಿ ನೋಡಿದೆ. ಒಂದು ನಿಮ್ಮದು. ಇನ್ನೊಂದು ಇಬ್ರಿ ಊರಿನ ಒಬ್ಬ ಫಾರ್ಮಸಿಸ್ಟಂದು, ನಿಮಗಿಂತ ಸಣ್ಣ ಪ್ರಾಯದವ. ಅದನ್ನು ವಾಪಸ್ ಹಾಕಿದೆ. ನಿಮ್ಮನ್ನು ಇಟ್ಟುಕೊಂಡೆ."

ಲ್ಯಾನ್ಸಿ ಸೋಫಾದಲ್ಲಿ ಮುಂದಕ್ಕೆ ಸರಿದ.

"ಅಂದ್ರೆ ನೀನು ಕಳ್ಳಾಟ ಆಡಿದ್ದು," ಎಂದ ಲ್ಯಾನ್ಸಿ.

"ಹೌದು."

"ಇಷ್ಟು ವರ್ಷ ಆ ಕಪ್ಪನ್ನು ಕಪಾಟಲ್ಲಿ ಇಟ್ಟು ಧೂಳು ಒರೆಸಿದ್ದು."

"ಹೌದು."

ಲ್ಯಾನ್ಸಿ ನನ್ನನ್ನು ನೋಡಿದ, ಸದಾನಂದಣ್ಣನನ್ನು ನೋಡಿದ. ಆಮೇಲೆ ಫೋನ್ ತೆಗೆದು ಪ್ರಿಂಟಿಂಗ್ ಅಂಗಡಿಯವನಿಗೆ ಹಿಂದಿಯಲ್ಲಿ ಸದಾನಂದಣ್ಣನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿ, ಎರಡು ಸಲ ಓದಿಸಿಕೊಂಡ. "ಖಲಾಸ್," ಎಂದ. "ಆರಿಸಿದ್ದು ಡಬ್ಬಿ ಅಲ್ಲ, ನೀನೇ. ಆ ಗೋಲು ಮಾತ್ರ ನಂದೇ."

ಸದಾನಂದಣ್ಣ ಚಮಚ ಕೆಳಗಿಟ್ಟರು. "ನಾನು ಉಳಿದವರಲ್ಲಿ ಉಳಿದವ ಅಂತಲೇ ಎಣಿಸಿಕೊಂಡಿದ್ದೆ. ಮೊದಲೇ ಹೇಳುದಲ್ವಾ ಮಾರಾಯ." ಎದ್ದು ನಿಂತು, ಬಲಗೈ ಮೇಲೆತ್ತಿ, ತೋರುಬೆರಳನ್ನು ನಿಧಾನವಾಗಿ ಸುತ್ತಿದರು. ಮೇಲಕ್ಕೆತ್ತು. ನಾವಿಬ್ಬರೂ, ತೂಕ ಹೆಚ್ಚಾದ ಮಧ್ಯವಯಸ್ಕರು, ಸೋಫಾದಿಂದ ಎದ್ದು ಅವರನ್ನು ಎತ್ತಿದೆವು. ಫ್ಯಾನಿಗೆ ತಲೆ ತಾಗದಂತೆ ಅವರೇ ಮುಷ್ಟಿ ಎತ್ತಿ ನಿಲ್ಲಿಸಬೇಕಾಯಿತು. ಈ ಸಲ ಫೋಟೋ ಉಂಟು.

ಅವರು ಹೋದ ಮೇಲೆ ಡಬ್ಬಿ ತೊಳೆಯುತ್ತಿದ್ದೆ. ಬೆರಳು ಅಂಟುತ್ತಿತ್ತು. ಅವರ ಚೀಟಿ ನನ್ನಲ್ಲಿ ಉಳಿದದ್ದು ನಿಜ. ನಾನು ಬೇಕೆಂದೇ ಉಳಿಸಿಕೊಂಡೆನೋ, ಇನ್ನೊಂದು ಉದುರಿ ಅದೊಂದೇ ಬೆರಳಿಗೆ ಅಂಟಿ ಉಳಿಯಿತೋ, ನನಗೆ ಗೊತ್ತಿಲ್ಲ.