ಕರಡಕ್ಕ ಮತ್ತು ನಲವತ್ತೊಂದನೆಯ ಪ್ರಶ್ನೆ

ನಮ್ಮ ಪ್ರೆಸ್ಸಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕರಡಕ್ಕ ಎಂದು. ಅಚ್ಚಿಗೆ ಹೋಗುವ ಮುಂಚಿನ ಕರಡು ಪುಟಗಳನ್ನು ತಿದ್ದುವವರು, ಅದಕ್ಕೇ ಆ ಹೆಸರು. ಹೊಸದಾಗಿ ಸೇರಿದವರು ಅದನ್ನು ‘ಕರಡಿ ಅಕ್ಕ’ ಎಂದು ಕೇಳಿಸಿಕೊಂಡು ಅಳುಕುತ್ತಲೇ ಅವರ ಮೇಜಿನ ಬಳಿ ಬರುತ್ತಿದ್ದರು. ಬಂದು ನೋಡಿದರೆ ಗುಬ್ಬಚ್ಚಿಯಂಥ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಬೆರಳಿನ ಸಂದಿಯಲ್ಲಿ ಕೆಂಪು ಪೆನ್ನು.

ನಾನು ಅವರ ಪಕ್ಕದ ಮೇಜಿನಲ್ಲಿ ಕಂಪ್ಯೂಟರಿನಲ್ಲಿ ಪುಟ ಕಟ್ಟುವವನು. ಅವರು ತಿದ್ದಿ ಕೊಟ್ಟದ್ದನ್ನು ನಾನು ಸರಿಪಡಿಸಬೇಕು. ಹಾಗಾಗಿ ಹನ್ನೊಂದು ವರ್ಷ ಅವರ ಕೆಂಪು ಶಾಯಿಯ ನೆರಳಲ್ಲೇ ಬದುಕಿದೆ ಎನ್ನಬಹುದು.

ಅವರು ಹೆಚ್ಚು ಓದಿದವರಲ್ಲ. ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ತಾಯಿ ಹಾಸಿಗೆ ಹಿಡಿದರು. ಪುಸ್ತಕ ಕಟ್ಟಿಟ್ಟು ಪ್ರೆಸ್ಸಿಗೆ ಸೇರಿ ಹಾಳೆ ಮಡಿಸುವ ಕೆಲಸಕ್ಕೆ ಕೂತರು. ಆಗ ಅಲ್ಲಿ ಕರಡು ತಿದ್ದುತ್ತಿದ್ದ ಮುದುಕರೊಬ್ಬರು ಇವರ ಕಣ್ಣು ಚುರುಕಾಗಿದೆ ಎಂದು ಕಂಡುಕೊಂಡು ಇಂಗ್ಲಿಷ್ ವ್ಯಾಕರಣವನ್ನು ಅಕ್ಷರ ಅಕ್ಷರವಾಗಿ ಕಲಿಸಿದರಂತೆ. ತಾಯಿ ಹೋದ ಮೇಲೆ ಉಳಿದವಳು ಏಳು ವರ್ಷ ಚಿಕ್ಕವಳಾದ ತಂಗಿ. ಅವಳನ್ನು ಸಾಕಿ, ಓದಿಸಿ, ರಕ್ತ ಪರೀಕ್ಷೆ ಮಾಡುವ ಕೋರ್ಸು ಮಾಡಿಸಿದ್ದು ಇವರೇ. ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ತಂಗಿಗೆ ಕೆಲಸ ಸಿಕ್ಕಿತು. ಆದರೆ ಗುತ್ತಿಗೆಯ ಕೆಲಸ. ವರ್ಷವರ್ಷವೂ ಆದೇಶ ಬರುವ ತನಕ ಉಸಿರು ಬಿಗಿಹಿಡಿದು ಕೂರಬೇಕು.

ನಮ್ಮಲ್ಲಿ ಹೆಚ್ಚಾಗಿ ಅಚ್ಚಾಗುತ್ತಿದ್ದದ್ದು ನೇಮಕಾತಿ ಪರೀಕ್ಷೆಗಳ ಗೈಡುಗಳು. ಇಂಗ್ಲಿಷ್ ಗೈಡನ್ನು ಬರೆದವರು ನಿವೃತ್ತ ಪ್ರೊಫೆಸರೊಬ್ಬರು. ಅದರಲ್ಲಿ ಹೋಲಿಕೆಯ ತಪ್ಪುಗಳನ್ನೂ ಸಮಾಂತರ ರಚನೆಯ ತಪ್ಪುಗಳನ್ನೂ ತಿದ್ದುವ ಒಂದು ಅಧ್ಯಾಯವಿತ್ತು. ನನಗೆ ತಲೆಬುಡ ಗೊತ್ತಾಗದೆ ಒಮ್ಮೆ ಕೇಳಿದೆ.

"ನಮ್ಮನೆ ಮೆಟ್ಟಿಲು ನಿಮ್ಮನೆಗಿಂತ ಕಡಿದು ಅಂತೀವಲ್ಲ, ನಮ್ಮಲ್ಲಿ ಅದು ನಡೆಯುತ್ತೆ," ಎಂದರು ಅಕ್ಕ. "ಇಂಗ್ಲಿಷ್ ಒಪ್ಪಲ್ಲ. ಮೆಟ್ಟಿಲನ್ನ ಮನೆ ಜೊತೆ ಹೇಗೆ ಹೋಲಿಸ್ತೀಯಾ ಅಂತ ಜಗಳಕ್ಕೆ ಬರುತ್ತೆ. ಮೆಟ್ಟಿಲಿಗೆ ಮೆಟ್ಟಿಲೇ ಬೇಕು."

"ಮತ್ತೆ ಸಮಾಂತರ?"

"ಅವಳಿಗೆ ಓದುವುದು, ಬರೆಯುವುದು, ಹಾಡಲಿಕ್ಕೆ ಇಷ್ಟ ಅಂದ್ರೆ ಕಿವಿಗೆ ಹೇಗಿರುತ್ತೆ? ಹಾಡುವುದು ಅನ್ನಬೇಕು. ಸಾಲಲ್ಲಿ ನಿಂತ ಮೇಲೆ ಎಲ್ಲರೂ ಒಂದೇ ಥರ ನಿಲ್ಲಬೇಕಪ್ಪ."

ಆ ಅಧ್ಯಾಯದ ನಲವತ್ತೊಂದನೆಯ ಪ್ರಶ್ನೆಯಲ್ಲೇ ಎಡವಟ್ಟಾಗಿದ್ದು. ನಮ್ಮ ಊರಿನ ರಸ್ತೆಗಳು ನಿಮ್ಮ ಊರಿಗಿಂತ ಅಗಲ ಎನ್ನುವ ಅರ್ಥದ ವಾಕ್ಯ. ರಸ್ತೆಗಳನ್ನು ಊರಿನ ಜೊತೆ ಹೋಲಿಸಿದ್ದಾರೆ, ತಿದ್ದಿ ಎಂದು ಪ್ರಶ್ನೆ. ಪ್ರೊಫೆಸರು ಕೊಟ್ಟ ಉತ್ತರ ‘ದ್ಯಾಟ್ ಆಫ್’. ಅಕ್ಕ ಅದನ್ನು ಹೊಡೆದು ಪಕ್ಕದಲ್ಲಿ ‘ದೋಸ್ ಆಫ್’ ಎಂದು ಬರೆದರು. ರಸ್ತೆ ಒಂದಾಗಿದ್ದರೆ ದ್ಯಾಟ್, ಇಲ್ಲಿರುವುದು ರಸ್ತೆಗಳು, ಆದ್ದರಿಂದ ದೋಸ್. ಅಷ್ಟೇ ವಿಷಯ.

ಕರಡು ಪ್ರೊಫೆಸರರ ಮನೆಗೆ ಹೋಗಿ ವಾಪಸು ಬಂತು. ಅಕ್ಕನ ತಿದ್ದುಪಡಿಯನ್ನು ಕಾಟು ಹಾಕಿ, ‘ಇದ್ದಂತೆಯೇ ಇರಲಿ’ ಎಂದು ಬರೆದು, ಪುಟದ ಕೆಳಗೆ ಸಹಿ ಮಾಡಿದ್ದರು. ಅಕ್ಕ ಫೋನು ಮಾಡಿದರು.

"ನೀನು ಎಲ್ಲೀವರೆಗೆ ಓದಿದೀಯಮ್ಮ?" ಎಂದು ಆ ಕಡೆಯಿಂದ ಕೇಳಿದ್ದು ನನಗೂ ಕೇಳಿಸಿತು. ಅಕ್ಕ ಮೆಲ್ಲಗೆ ಫೋನು ಇಟ್ಟರು.

ಪ್ರೆಸ್ಸಿನ ಯಜಮಾನರ ಬಳಿ ಹೋದರೆ ಅವರು ಕೈ ಚೆಲ್ಲಿದರು. "ಪುಸ್ತಕದ ಮೇಲೆ ಅವರ ಹೆಸರಿದೆ ಅಕ್ಕ. ಅಚ್ಚು ಹಾಕೋದಷ್ಟೇ ನಮ್ಮ ಕೆಲಸ."

ನಾನು ಅಕ್ಕನ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಬದಲಾಯಿಸಿಬಿಡ್ತೀನಿ. ಒಂದು ಪದ. ಅವರು ತಿರುಗಿ ನೋಡ್ತಾರಾ?"

"ಬೇಡ. ಬರೆದೋರು ಸಹಿ ಹಾಕಿದ ಮೇಲೆ ಮುಟ್ಟಬಾರದು. ಇವತ್ತು ಸರಿ ಮಾಡೋದಕ್ಕೆ ಅಂತ ಮುಟ್ಟಿದೋರು ನಾಳೆ ಯಾವುದಕ್ಕೆ ಮುಟ್ಟಲ್ಲ ಹೇಳು?"

ಪುಟ ಹಾಗೇ ಅಚ್ಚಾಯಿತು.

ಮರುವರ್ಷ ಲ್ಯಾಬಿನ ಕಾಯಂ ಹುದ್ದೆಗಳಿಗೆ ಪರೀಕ್ಷೆ ಕರೆದರು. ತಂಗಿಗೆ ಮೂವತ್ತೈದು ತುಂಬಲು ನಾಲ್ಕೇ ತಿಂಗಳು ಬಾಕಿ. ಇದು ತಪ್ಪಿದರೆ ವಯಸ್ಸು ಮೀರುತ್ತದೆ. ಅವಳಿಗೆ ಲ್ಯಾಬಿನ ವಿಷಯವೆಲ್ಲ ನೀರು ಕುಡಿದಷ್ಟು ಸಲೀಸು, ಹೆದರಿಕೆ ಇಂಗ್ಲಿಷಿನದು. ಅಕ್ಕ ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತೇ ಪಾಠ ಮಾಡಿದರು. ನಮ್ಮ ಗೈಡಿನ ಒಂದು ಪ್ರತಿಯನ್ನು ಮನೆಗೊಯ್ದು, ನಲವತ್ತೊಂದನೆಯ ಉತ್ತರವನ್ನು ಕೆಂಪು ಪೆನ್ನಿನಿಂದ ತಿದ್ದಿಕೊಟ್ಟರು.

ಪರೀಕ್ಷೆಗೆ ಹೊರಡುವ ದಿನ ತಂಗಿ ಚಪ್ಪಲಿ ಮೆಟ್ಟುತ್ತ ಕೇಳಿದಳಂತೆ: "ಅಕ್ಕ, ಆ ರಸ್ತೆ ಪ್ರಶ್ನೆ ಬಂದ್ರೆ ಯಾವುದು ಬರೀಲಿ? ನಿಂದೋ, ಪುಸ್ತಕದ್ದೋ?"

"ಸರಿಯಾದ್ದನ್ನ ಬರಿ. ಪೇಪರ್ ತೆಗೆಯೋರು ತಿಳಿದೋರೇ ಇರ್ತಾರೆ."

ಪ್ರಶ್ನೆ ಬಂತು. ಅದೇ ಊರು, ಅದೇ ರಸ್ತೆಗಳು. ತಂಗಿ ‘ದೋಸ್’ ಎಂದು ಗುರುತು ಹಾಕಿ ಬಂದಳು. ಹದಿನೈದು ದಿನಕ್ಕೆ ಸರಿಯುತ್ತರಗಳ ಪಟ್ಟಿ ಹೊರಬಿತ್ತು. ಅದರಲ್ಲಿದ್ದದ್ದು ‘ದ್ಯಾಟ್’. ತಪ್ಪು ಉತ್ತರಕ್ಕೆ ಕಾಲು ಅಂಕ ಬೇರೆ ಕಳೆಯುತ್ತಿದ್ದರು. ಆಯ್ಕೆಯ ಪಟ್ಟಿ ಬಂದಾಗ ತಂಗಿ ಮುಕ್ಕಾಲು ಅಂಕದಿಂದ ಹೊರಗೆ ಉಳಿದಿದ್ದಳು.

ಆಕ್ಷೇಪಣೆಗೆ ಮೂರು ದಿನದ ಅವಕಾಶವಿತ್ತು. ಅಕ್ಕ ಅರ್ಜಿ ಬರೆದುಕೊಂಡು, ಎರಡು ದಪ್ಪ ವ್ಯಾಕರಣ ಪುಸ್ತಕ ಹೊತ್ತುಕೊಂಡು ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ. ಉದ್ದನೆಯ ಕಚೇರಿ, ಕಿಟಕಿಯಾಚೆ ಒಬ್ಬ ಗುಮಾಸ್ತ. ಒಳ್ಳೆಯ ಮನುಷ್ಯ. ಅಕ್ಕ ಹೇಳಿದ್ದನ್ನು ತಾಳ್ಮೆಯಿಂದ ಕೇಳಿಸಿಕೊಂಡ.

"ಈ ಪುಸ್ತಕಗಳು ನಮ್ಮ ಪಟ್ಟೀಲಿ ಇಲ್ಲ ಮೇಡಂ. ಇಂಗ್ಲಿಷಿಗೆ ಆಧಾರ ಅಂತ ಇರೋದು ಇದೊಂದೇ," ಎಂದು ಕಪಾಟಿನಿಂದ ಒಂದು ಗೈಡು ತೆಗೆದು ಮುಂದಿಟ್ಟ.

ನಮ್ಮದೇ ಗೈಡು. ನಾನು ಕಟ್ಟಿದ ಪುಟ.

"ಈ ಪುಸ್ತಕದ ಕರಡು ತಿದ್ದಿದವಳು ನಾನೇ," ಎಂದರು ಅಕ್ಕ.

ಗುಮಾಸ್ತ ಅವರ ಮುಖವನ್ನೂ ಪುಟವನ್ನೂ ನೋಡಿದ. "ಹಾಗಿದ್ರೆ ಆಗಲೇ ತಿದ್ದಬೇಕಿತ್ತಲ್ಲ ಮೇಡಂ," ಎಂದ. ನೋಯಿಸಲೆಂದು ಹೇಳಿದ್ದಲ್ಲ. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

ಅಕ್ಕ ಪುಸ್ತಕಗಳನ್ನು ಎತ್ತಿಕೊಂಡರು. ಅರ್ಜಿಗೆ ಮುದ್ರೆ ಒತ್ತಿಸಿಕೊಂಡು ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಜನ ಅವರನ್ನು ಬಳಸಿಕೊಂಡು ಹತ್ತುತ್ತ ಇಳಿಯುತ್ತ ಇದ್ದರು.

"ಅವತ್ತು ನಾನು ಸುಮ್ಮನೆ ಬದಲಾಯಿಸಿಬಿಟ್ಟಿದ್ರೆ ಆಗ್ತಿತ್ತು," ಎಂದೆ.

"ನಾನೇ ತಾನೇ ಬೇಡ ಅಂದದ್ದು. ಅವಳು ಪುಸ್ತಕದ್ದು ಬರೀಲಾ ಅಂದ್ಲು, ಅದಕ್ಕೂ ನಾನೇ ಬೇಡ ಅಂದೆ." ಪುಸ್ತಕಗಳನ್ನು ಮಡಿಲಿಗೆ ಎಳೆದುಕೊಂಡು, "ಎರಡು ಸಲವೂ ನಾನು ಹೇಳಿದ್ದು ತಪ್ಪಲ್ಲ ಕಣೋ. ಆದ್ರೂ ನೋಡು," ಎಂದರು.

ಆಕ್ಷೇಪಣೆ ತಿರಸ್ಕೃತವಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಗೈಡಿನ ಎರಡನೇ ಮುದ್ರಣ ಬಂದಾಗ ಅಕ್ಕ ಮತ್ತೆ ಯಜಮಾನರ ಮುಂದೆ ಹೋಗಿ ನಿಂತರು. ಯಜಮಾನರು ಪ್ರೊಫೆಸರರ ಮನೆಗೆ ಫೋನು ಮಾಡಿಸಿದರು. ಫೋನೆತ್ತಿದ ಸೊಸೆ, ಮಾವನವರಿಗೆ ಮರೆವಿನ ಕಾಯಿಲೆ, ಈಗೀಗ ಮನೆಯವರ ಗುರುತೂ ಸಿಗುತ್ತಿಲ್ಲ ಎಂದರು.

"ಸಹಿ ಮಾಡೋರೇ ಇಲ್ಲ ಅಂದ್ಮೇಲೆ ಹೇಗಕ್ಕ ಮುಟ್ಟೋದು?" ಎಂದರು ಯಜಮಾನರು. "ಅಲ್ದೆ ಈಗ ಪರೀಕ್ಷೆಯವರೇ ಅದು ಸರಿ ಅಂದಿದಾರೆ."

ಪ್ರೊಫೆಸರರ ಮೇಲೆ ಸಿಟ್ಟು ಮಾಡಿಕೊಳ್ಳುವ ಅವಕಾಶವೂ ಅಕ್ಕನಿಗೆ ಇಲ್ಲದಾಯಿತು. ಅವರು ಬಂದು ಕೂತು, ಆ ಪುಟ ಬಿಟ್ಟು ಮುಂದಿನ ಪುಟ ಎತ್ತಿಕೊಂಡರು. ಅಕ್ಕ ಒಂದು ಪುಟವನ್ನು ಓದದೆ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತಂಗಿ ಅಕ್ಕನನ್ನು ದೂರಲಿಲ್ಲ. ಗುತ್ತಿಗೆಯ ಕೆಲಸಕ್ಕೆ ಮೊದಲಿನಂತೆ ಹೋಗಿಬರುತ್ತಿದ್ದಳು. ಅದೇ ಪರೀಕ್ಷೆಯಲ್ಲಿ ಆಯ್ಕೆಯಾಗಿ ಕಾಯಂ ಹುದ್ದೆಗೆ ಬಂದ ಹೊಸ ಹುಡುಗಿಗೆ ಯಂತ್ರಗಳನ್ನು ತೋರಿಸಿಕೊಡುವ ಕೆಲಸ ಅವಳ ಪಾಲಿಗೇ ಬಂತು. ಒಂದು ಭಾನುವಾರ ನಾನು ಅವರ ಮನೆಗೆ ಹೋಗಿದ್ದಾಗ ಆ ಮಾತು ಬಂತು.

"ಹೇಗಿದಾಳೆ ಹುಡುಗಿ?" ಎಂದು ಕೇಳಿದರು ಅಕ್ಕ, ಲೋಟ ತೊಳೆಯುತ್ತ, ಈ ಕಡೆ ತಿರುಗದೆ.

"ಒಳ್ಳೆಯವಳು. ಸೂಜಿ ಹಿಡಿದಾಗ ಕೈ ಸ್ವಲ್ಪ ನಡುಗುತ್ತೆ," ಎಂದಳು ತಂಗಿ. "ಕಲ್ತ್ಕೋತಾಳೆ ಬಿಡು. ಸಂಜೆ ಅರ್ಧ ಗಂಟೆ ಜಾಸ್ತಿ ನಿಂತು ಹೇಳಿಕೊಡ್ತಿದೀನಿ."

ಅಕ್ಕ ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದರು.