ನೀರುನಾಯಿ ಮರಿಗೆ ನಾನು ಕೊಟ್ಟ ಅಂಕ

ಕೊಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದದ್ದು ಮಕ್ಕಳ ಕಾರ್ಟೂನ್ ತಯಾರಿಸುವ ಒಂದು ಕಂಪನಿಯಲ್ಲಿ. ಅಕ್ಕಪಕ್ಕದ ಕಟ್ಟಡಗಳಲ್ಲೆಲ್ಲ ಅಮೆರಿಕದ ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರೆ ನಾವು ಮೊಲಕ್ಕೆ ಕಿವಿ ಅಂಟಿಸುತ್ತಿದ್ದೆವು. ನನ್ನದು ಬಣ್ಣ ನೋಡುವ ಕೆಲಸ. ಒಂದು ದೃಶ್ಯದಲ್ಲಿ ಕಂದಾಗಿದ್ದ ಬಾಲ ಮುಂದಿನ ದೃಶ್ಯದಲ್ಲಿ ಬೂದು ಆಗಬಾರದು, ಅಷ್ಟೇ. ದಿನವಿಡೀ ಅದನ್ನೇ ಮಾಡಿ ಮಾಡಿ ನನಗೆ ತಪ್ಪು ಹುಡುಕುವ ಚಟ ಹತ್ತಿತ್ತು. ಬೇರೆಯವರ ತಪ್ಪು ಎಂದು ಸೇರಿಸಬೇಕು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾವುದೇ ಕಂತು ಚಾನೆಲ್‌ಗೆ ಹೋಗುವ ಮುಂಚೆ, ಅದರಲ್ಲಿ ಕೆಲಸ ಮಾಡದ ನಾಲ್ಕೈದು ಜನ ಶನಿವಾರ ಕೂತು ಅದನ್ನು ನೋಡಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಪ್ರತಿಯೊಬ್ಬರೂ ಮನೆಯಿಂದ ಒಂದು ಮಗುವನ್ನು ಕರೆತರಬೇಕು. ಕಂತು ಮುಗಿದ ಮೇಲೆ ಮೊದಲು ಮಗು ಬಾಯಿ ಬಿಡುವ ತನಕ ದೊಡ್ಡವರು ಮಾತಾಡಕೂಡದು. ಆರಕ್ಕಿಂತ ಕಡಿಮೆ ಬಂದರೆ ಕಂತು ವಾಪಸ್. ಆ ವರ್ಷ ನಾವು ಹಳೆಯ ಧಾರಾವಾಹಿಯೊಂದನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡುತ್ತಿದ್ದೆವು. ನದಿಯ ದಂಡೆಯ ಒಂದು ನೀರುನಾಯಿ ಮರಿಯ ಕಥೆ. ಚಿಕ್ಕವರಿದ್ದಾಗ ನಾನೂ ನನ್ನ ತಂಗಿಯೂ ಹಾಸನದಲ್ಲಿ ಭಾನುವಾರ ಬೆಳಿಗ್ಗೆ ಎದುರುಮನೆಯವರ ಟಿವಿ ಮುಂದೆ ಕೂತು ಅದನ್ನೇ ನೋಡಿದ್ದೆವು.

ನನಗೂ ನನ್ನ ಗಂಡನಿಗೂ ಮಕ್ಕಳಿರಲಿಲ್ಲ. ನಾನು ಕರೆದುಕೊಂಡು ಹೋದದ್ದು ತಂಗಿಯ ಮಗಳನ್ನು. ಎರಡನೇ ಕ್ಲಾಸಿನ ಹುಡುಗಿ.

ಇಲ್ಲಿ ತಂಗಿಯ ವಿಷಯ ಹೇಳಬೇಕು. ಅವಳ ಗಂಡ ಕೇಂದ್ರ ಸರ್ಕಾರದ ನೌಕರ, ಮನೆ ಕೊಲ್ಕತ್ತದಲ್ಲೇ, ಕಸ್ಬಾ ಬಡಾವಣೆಯಲ್ಲಿ. ದುರ್ಗಾಪೂಜೆಗೆ ಇನ್ನೂ ಒಂದು ತಿಂಗಳಿರುವಾಗ ಅವಳಿಗೆ ಹೊಟ್ಟೆಯ ಆಪರೇಷನ್ ಆಗಬೇಕೆಂದರು. ನಮ್ಮಪ್ಪ ಇರುವ ಹಾಸನದಲ್ಲೇ ಆಗಲಿ ಎಂದು ಗಂಡಹೆಂಡತಿ ಊರಿಗೆ ಹೊರಟರು. ಮಗುವಿಗೆ ಪರೀಕ್ಷೆ ಇತ್ತು, ನಮ್ಮ ಮನೆಯಲ್ಲಿ ಉಳಿಯಿತು. "ಅಮ್ಮ ಊರಿಗೆ ಹೋಗಿದಾಳೆ" ಎಂದು ಮಗುವಿಗೆ ಹೇಳಿದೆವು. ಆ ದಿನ ಅದು ನಿಜವೇ ಆಗಿತ್ತು. ಮೂರನೇ ವಾರ ತಂಗಿ ಆಸ್ಪತ್ರೆಯಲ್ಲೇ ಹೋಗಿಬಿಟ್ಟಳು. ನಾವು ಆ ಮಾತನ್ನು ಬದಲಾಯಿಸಲೇ ಇಲ್ಲ.

ಬೇಡ ಎಂದವರು ನನ್ನ ಅಪ್ಪ. "ಮಗು ಇನ್ನೂ ಚಿಕ್ಕದು ಕಣಮ್ಮ. ಊರಿಗೆ ಹೋಗಿದಾಳೆ ಅಂತ್ಲೇ ಇರ್ಲಿ. ದೊಡ್ಡವಳಾದ್ಮೇಲೆ ತಾನೇ ಗೊತ್ತಾಗತ್ತೆ" ಎಂದರು ಫೋನಿನಲ್ಲಿ. ಕೊಲ್ಕತ್ತದಲ್ಲಿ ಹುಟ್ಟಿದ ಕನ್ನಡದ ಮಕ್ಕಳಿಗೆ ಊರು ಎಂದರೆ ರೈಲಿನಲ್ಲಿ ಎರಡು ದಿನ ಹೋಗಿ ತಲುಪುವ ಜಾಗ. ಅಲ್ಲಿಗೆ ಹೋದವರೆಲ್ಲ ಹಲಸಿನ ಹಪ್ಪಳ ತೆಗೆದುಕೊಂಡು ವಾಪಸ್ ಬಂದೇ ಬರುತ್ತಾರೆ. ಬೇರೆ ಯಾವ ಸುಳ್ಳನ್ನಾದರೂ ಮಗು ಕೆದಕಿ ಕೇಳುತ್ತಿತ್ತೇನೋ, ಇದನ್ನು ಒಂದು ಮಾತಿಲ್ಲದೆ ನಂಬಿತು. ಕ್ರಿಯೆಯಲ್ಲಿ ತಲೆ ಬೋಳಿಸಿಕೊಂಡಿದ್ದ ಅವಳಪ್ಪ ತಿರುಪತಿಗೆ ಮುಡಿ ಕೊಟ್ಟೆ ಎಂದರು. ಅದಕ್ಕೆ ಸಾಕ್ಷಿಯಾಗಿ ಹೌರಾ ಸ್ಟೇಷನ್ನಿನ ಹತ್ತಿರ ಕೊಂಡ ಲಾಡು ತಂದುಕೊಟ್ಟರು. ಮಗು ಅದನ್ನು ಕಣ್ಣಿಗೊತ್ತಿಕೊಂಡು ತಿಂದಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಸಾವಿಗೆ ಎಷ್ಟು ಸುಳ್ಳು ಹೇಳಬಹುದು ಎಂದು ಯಾರೂ ಹೇಳಿಲ್ಲ.

ಅವಳಪ್ಪನಿಗೆ ಮೇಲಿಂದ ಮೇಲೆ ಟೂರ್, ಹಾಗಾಗಿ ಮಗು ನಮ್ಮಲ್ಲೇ ಉಳಿಯಿತು. ಚಳಿಗಾಲದಲ್ಲಿ ಅಪ್ಪ ಬಂದು ಒಂದು ತಿಂಗಳು ಮೊಮ್ಮಗಳ ಜೊತೆ ಇದ್ದು, ಅವರೂ ಊರಿಗೆ ಹೊರಟುಹೋದರು.

ಆ ಶನಿವಾರ ಮಾರ್ಚ್ ತಿಂಗಳಿನದು. ಪರದೆಯ ಮೇಲೆ ನದಿಗೆ ಪ್ರವಾಹ ಬಂತು. ತಾಯಿ ನೀರುನಾಯಿ ಮರಿಯನ್ನು ಬಂಡೆಗೆ ನೂಕಿ ತಾನು ಕೊಚ್ಚಿಹೋಯಿತು. ಆಗಲೇ ನನಗೆ ಇದು ಯಾವ ಕಂತು ಎಂದು ತಿಳಿದದ್ದು. ಹಳೆಯದರಲ್ಲಿ ತಾಯಿ ಬರುವುದೇ ಇಲ್ಲ. ಮರಿ ದಿನವೂ ದಂಡೆಯಲ್ಲಿ ಕಾಯುತ್ತದೆ. ಕೊನೆಗೆ ಮುದಿ ಆಮೆಯೊಂದು ಬಂದು ಪಕ್ಕದಲ್ಲಿ ಕೂತು, ಇನ್ನು ಬರುವುದಿಲ್ಲ ಮರಿ, ಎನ್ನುತ್ತದೆ. ಅದನ್ನು ನೋಡಿದ ದಿನ ನನ್ನ ತಂಗಿ ಊಟ ಬಿಟ್ಟು ಅತ್ತಿದ್ದಳು. ಮಕ್ಕಳಿಗೆ ಇಂಥದ್ದೆಲ್ಲ ಯಾಕೆ ತೋರಿಸುತ್ತಾರೋ ಎಂದು ಅಪ್ಪ ಟಿವಿಯವರನ್ನು ಬೈದಿದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಪಕ್ಕದ ಕುರ್ಚಿಯನ್ನೇ ನೋಡುತ್ತ ಕೂತೆ. ಮಗು ರೆಪ್ಪೆ ಹೊಡೆಯದೆ ನೋಡುತ್ತಿತ್ತು. ಹೊಟ್ಟೆನೋವು ಎಂದು ಹೇಳಿ ಎದ್ದು ಹೋಗೋಣವೇ ಎಂದುಕೊಂಡೆ. ಅಷ್ಟರಲ್ಲಿ ಆಮೆ ಬಂತು. ಆದರೆ ಹೊಸ ಆಮೆ ಹೇಳಿದ್ದೇ ಬೇರೆ: ನಂಬಿದವರ ಅಮ್ಮ ಬಂದೇ ಬರುತ್ತಾಳೆ. ಮರುಕ್ಷಣ ವಾದ್ಯಗಳೆಲ್ಲ ಒಟ್ಟಿಗೆ ಮೊಳಗಿ, ತಾಯಿ ನೀರುನಾಯಿ ಒಂದು ಮರದ ದಿಮ್ಮಿಯ ಮೇಲೆ ಕೂತು ಬಂದೇ ಬಂತು.

ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಕಣ್ಣು ತುಂಬಿತು. ಲೈಟು ಹಾಕುವ ಮುಂಚೆಯೇ ಒಂಬತ್ತು ಎಂದು ಬರೆದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಒಂಬತ್ತು ಕಂತಿಗೆ ಕೊಟ್ಟದ್ದಲ್ಲ, ನನ್ನನ್ನು ಉಳಿಸಿದ್ದಕ್ಕೆ ಕೊಟ್ಟದ್ದು.

ನಿರ್ದೇಶಕರು ಬಂಗಾಳಿ, ಒಳ್ಳೆಯ ಮನುಷ್ಯ. ಮಕ್ಕಳ ಮುಂದೆ ಮೊಣಕಾಲೂರಿ ಕೂತು ಒಬ್ಬೊಬ್ಬರನ್ನೇ ಹಿಂದಿಯಲ್ಲಿ ಕೇಳುತ್ತ ಬಂದರು. ಯಾವ ಭಾಗ ಇಷ್ಟವಾಯಿತು ಎಂದಾಗ ನಮ್ಮ ಹುಡುಗಿ ಎದ್ದು ನಿಂತು, "ಲಾಸ್ಟ್ ಪಾರ್ಟ್. ಮೇರಿ ಅಮ್ಮ ಭೀ ಆಯೇಗಿ. ಊರು ಗಯೀ ಹೈ" ಎಂದಳು. ನನ್ನಮ್ಮನೂ ಬರುತ್ತಾಳೆ, ಊರಿಗೆ ಹೋಗಿದಾಳೆ ಎಂದು.

"ಅರೆ ವಾಹ್! ಕಬ್ ಆಯೇಗಿ?" ಯಾವಾಗ ಬರುತ್ತಾಳೆ ಎಂದು ಕೇಳಿದರು ಅವರು.

"ಮೇ ಮಹೀನೇ ಮೇಂ. ರಜಾ ಬಂದಾಗ ನಾವೇ ಟ್ರೇನಲ್ಲಿ ಹೋಗಿ ಕರ್ಕೊಂಡು ಬರ್ತೀವಿ, ಅಲ್ವಾ ದೊಡ್ಡಮ್ಮ?"

ಎಲ್ಲರೂ ನಕ್ಕರು. ನಗದಿದ್ದವಳು ಒಬ್ಬಳೇ, ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ತಂಗಿ ಸತ್ತ ಸುದ್ದಿ ಬಂದಾಗ ನನ್ನನ್ನು ಹಿಡಿದುಕೊಂಡಿದ್ದವಳು ಅವಳು. ನನ್ನ ಮುಖವನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಮಗುವಿನ ಮುಖ ನನ್ನ ಕಡೆಗೇ ತಿರುಗಿತ್ತು. ಆರು ತಿಂಗಳಲ್ಲಿ ಅವಳನ್ನು ಅಷ್ಟು ಖುಷಿಯಾಗಿ ನಾನು ನೋಡಿರಲಿಲ್ಲ. ಈಗ ಹೂಂ ಎಂದರೆ ಇನ್ನು ಎರಡು ತಿಂಗಳು ಅವಳು ಆ ಖುಷಿಯಲ್ಲೇ ದಿನ ಎಣಿಸುತ್ತಾಳೆ. ಆಮೇಲೆ ಹಾಸನದ ಸ್ಟೇಷನ್ನಿನಲ್ಲಿ ಇಳಿದು ಸುತ್ತ ನೋಡುತ್ತಾಳೆ.

ಒಂಬತ್ತನ್ನು ಹೊಡೆದುಹಾಕಿ ಎರಡು ಎಂದು ಬರೆದೆ.

ನಿರ್ದೇಶಕರಿಗೆ ಅರ್ಥವಾಗಲಿಲ್ಲ. ಹಾಳೆ ಹಿಡಿದುಕೊಂಡು ಲಿಫ್ಟಿನ ತನಕ ಬಂದರು. "ದೀದಿ, ಹಳೆಯದನ್ನು ನೋಡಿ ಮಕ್ಕಳು ಹೆದರುತ್ತಿದ್ದರು. ಹೆದರಿಸಬೇಕಾ?" ಎಂದು ಕೇಳಿದರು. "ಅತ್ತಿದ್ದೆವು ದಾದಾ, ಹೆದರಿರಲಿಲ್ಲ. ಆಮೆ ಪಕ್ಕದಲ್ಲಿ ಕೂತಿತ್ತಲ್ಲ" ಎಂದೆ. ಅವರಿಗೆ ಅದು ಸಮಾಧಾನವಾಯಿತೋ ಇಲ್ಲವೋ ಗೊತ್ತಿಲ್ಲ. ಉಳಿದವರ ಅಂಕಗಳು ಚೆನ್ನಾಗಿಯೇ ಇದ್ದವು, ಕಂತು ಹಾಗೆಯೇ ಚಾನೆಲ್‌ಗೆ ಹೋಯಿತು. ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ನನ್ನ ಮನೆಯ ತಪ್ಪಿಗೆ ಅವರಿಗೆ ಎರಡು ಕೊಟ್ಟದ್ದು ಅನ್ಯಾಯವೇ.

ನಮ್ಮ ಮನೆ ಸದರ್ನ್ ಅವೆನ್ಯೂವಿನ ಒಂದು ಅಡ್ಡರಸ್ತೆಯಲ್ಲಿತ್ತು. ಬಸ್ಸಿಳಿದು ಮನೆಗೆ ಹೋಗದೆ ಹತ್ತಿರದಲ್ಲೇ ಇದ್ದ ಕೆರೆಯ ಕಡೆ ನಡೆದೆ. ಮಗು ಝಾಲ್‌ಮುಡಿ, ಅಂದರೆ ಅಲ್ಲಿನ ಖಾರದ ಮಂಡಕ್ಕಿ, ಕೇಳಿತು, ಕೊಡಿಸಿದೆ. ಒಂದು ಬೆಂಚಿನ ಮೇಲೆ ಕೂತು, ಅದು ತಿಂದು ಮುಗಿಸುವ ತನಕ ಕಾದೆ. ಅದೂ ಹೇಡಿತನವೇ.

"ಪುಟ್ಟಿ, ಅಮ್ಮ ಊರಲ್ಲಿಲ್ಲ" ಎಂದೆ.

"ಮತ್ತೆ ಎಲ್ಲಿದಾಳೆ?"

"ಎಲ್ಲೂ ಇಲ್ಲ ಕಂದ. ಆಪರೇಷನ್ ಆದ್ಮೇಲೆ ಅವಳಿಗೆ ಹುಷಾರಾಗ್ಲೇ ಇಲ್ಲ. ಇನ್ನು ಬರಲ್ಲ."

ಅವಳು ಬಹಳ ಹೊತ್ತು ಕೈಯಲ್ಲಿದ್ದ ಕಾಗದದ ಪೊಟ್ಟಣವನ್ನು ಮಡಿಸಿದಳು. ಆಮೇಲೆ ಬಂಗಾಳಿಯಲ್ಲಿ ಕೇಳಿದಳು: "ಮಾ ಮಾರಾ ಗೆಛೆ?" ಅಮ್ಮ ಸತ್ತುಹೋದಳೇ ಎಂದು. ಆ ಮಾತನ್ನು ಕನ್ನಡದಲ್ಲಿ ಹೇಗೆ ಹೇಳುವುದೆಂದು ಅವಳಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಯಾರೂ ಅವಳ ಮುಂದೆ ಆ ಮಾತನ್ನು ಆಡಿರಲಿಲ್ಲವಲ್ಲ, ಸ್ಕೂಲಿನಲ್ಲಿ ಕೇಳಿ ಕಲಿತದ್ದೇ ಬಾಯಿಗೆ ಬಂತು.

"ಹೌದು" ಎಂದೆ.

"ಅಪ್ಪ ತಿರುಪತಿಗೆ ಹೋಗಿರ್ಲಿಲ್ವಾ?"

"ಇಲ್ಲ."

ಅವಳು ಅಳಲಿಲ್ಲ. ಯೋಚನೆ ಮಾಡುತ್ತಿದ್ದಳು. ಲೆಕ್ಕ ತಪ್ಪಿದಾಗ ಮೊದಲಿಂದ ಮಾಡುವ ಹಾಗೆ, ಆರು ತಿಂಗಳು ನಾವು ಹೇಳಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ನೋಡುತ್ತಿದ್ದಳು ಎಂದು ಈಗ ಅನಿಸುತ್ತದೆ. ಇದ್ದಕ್ಕಿದ್ದ ಹಾಗೆ ನನ್ನ ಸೆರಗು ಹಿಡಿದು ಎಳೆದಳು.

"ತಾತಾನೂ ಊರಿಗೆ ಹೋದ್ರು ಅಂದ್ರಿ!"

"ತಾತ ನಿಜವಾಗ್ಲೂ ಹೋಗಿದಾರೆ ಕಣೇ. ಚೆನ್ನಾಗಿದಾರೆ."

"ಅಮ್ಮಂಗೂ ಹಾಗೇ ಅಂದಿದ್ರಿ."

ನನ್ನ ಮಾತಿಗೆ ಅಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಬ್ಯಾಗಿನಿಂದ ಮೊಬೈಲು ತೆಗೆದು ಹಾಸನಕ್ಕೆ ಫೋನ್ ಮಾಡಿದೆ. ಅಪ್ಪ ಎತ್ತಿದರು. "ಎಲ್ಲಾ ಹೇಳ್ಬಿಟ್ಟೆ ಅಪ್ಪ. ಈಗ ನೀವಿದೀರೋ ಇಲ್ವೋ ಅಂತ ಕೇಳ್ತಿದಾಳೆ" ಎಂದೆ. ಆ ಕಡೆಯಿಂದ ಬೈಗುಳ ಬರುತ್ತದೆ ಎಂದುಕೊಂಡೆ, ಬರಲಿಲ್ಲ. "ಕೊಡು ಅವಳ್ಗೆ" ಎಂದರು.

ಮಗು ಎರಡೂ ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡಿತು. ಅಪ್ಪನಿಗೆ ಕಿವಿ ಮಂದ, ಯಾವಾಗಲೂ ಕೂಗಿಯೇ ಮಾತಾಡುತ್ತಾರೆ. ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು.

"ತಾತ, ನೀವು ನಿಜವಾಗ್ಲೂ ಊರಲ್ಲೇ ಇದೀರಾ?"

"ಇದೀನಿ ಕಂದ. ಇಲ್ಲೇ ಮನೇಲಿದೀನಿ. ನಂಗೇನೂ ಆಗಿಲ್ಲ."

ಅವಳ ಮುಖ ಒಂದು ಕ್ಷಣ ಅರಳಿತು. ನಾನೂ ಉಸಿರು ಬಿಟ್ಟೆ. ಆಮೇಲೆ ಅವಳಿಗೆ ಏನೋ ಹೊಳೆಯಿತು.

"ಹಾಗಾದ್ರೆ ನೀವು ಅಮ್ಮನ ಜೊತೆ ಇಲ್ಲ" ಎಂದಳು. "ಅಮ್ಮ ಒಬ್ಬಳೇ ಇದಾಳಾ?"

ಆ ಕಡೆಯಿಂದ ಕೂಗು ಕೇಳಿಸಲಿಲ್ಲ. ಮಗು ಕಾಯಿತು, ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಆರು ತಿಂಗಳು ತಡವಾಗಿ, ಅಮ್ಮನಿಗಾಗಿ ಅತ್ತಿತು.